ಪಿಜ್ಜಾ ದೋಸೆ ಮತ್ತು ಹಿಟ್ಟಿನ ದೀಪ

ನಿತ್ಯಾನಂದ,

ಇದನ್ನು ಪೋಸ್ಟ್ ಮಾಡುವವನಲ್ಲ, ಆದರೂ ತಿಳಿದಿರಲಿ: ನಿನ್ನೆಯಿಂದ ನಿನಗೆ ಒಂದು ವರ್ಷ ಜಾಸ್ತಿಯಾಗಿದೆ. ಹುಟ್ಟಿದ್ದು ಮೇ ತಿಂಗಳಲ್ಲಿ ಅಂತ ತಕರಾರು ತೆಗೆಯಬೇಡ. ನೀನು ಬಿಟ್ಟುಹೋದ ಈ ಪರದೇಶದ ಹಾವೆಲ್ ಊರಿನ ಕಲ್ಮಿಕ್ ಜನಾಂಗದವರಿಗೆ ಝುಲ್ ಎಂಬ ದೀಪದ ಹಬ್ಬದ ದಿನ ಎಲ್ಲರಿಗೂ ಒಟ್ಟಿಗೇ ವಯಸ್ಸಾಗುತ್ತದೆ.

ನಮ್ಮ ಹೋಟೆಲಲ್ಲಿ ಚಹಾಕ್ಕೆ ಉಪ್ಪು ಕೇಳುತ್ತಿದ್ದ ಕೆರ್ಮೆನ್ ಆಂಟಿ ಇದ್ದಾರಲ್ಲ, "ಅವರಿಗೆ ಚಹಾ ಬೇಡ, ಸಾರು ಕೊಡು" ಅಂತ ನೀನು ನಗುತ್ತಿದ್ದೆ, ಅವರೇ ಹಬ್ಬಕ್ಕೆ ಕರೆದಿದ್ದರು. ಹಿಟ್ಟಿನಲ್ಲಿ ದೀಪ ಮಾಡಿ, ಬೆಣ್ಣೆ ತುಂಬಿ, ಮನೆಯವರ ವಯಸ್ಸಿನಷ್ಟು ಹುಲ್ಲುಕಡ್ಡಿಗೆ ಹತ್ತಿ ಸುತ್ತಿ ಉರಿಸುತ್ತಾರೆ. ನಮ್ಮ ತಂಬಿಟ್ಟಿನ ದೀಪಕ್ಕೆ ದೊಡ್ಡಪ್ಪನ ಮಗ ಅನ್ನು.

ಹತ್ತಿ ಸುತ್ತುತ್ತಾ ಆಂಟಿ ತಮ್ಮವರ ಕತೆ ಹೇಳಿದರು. ಮಂಗೋಲರ ನಾಡಿನ ಕಡೆಯಿಂದ ವೋಲ್ಗಾ ನದಿಯವರೆಗೆ ಬಂದವರು. ತಲೆಮಾರುಗಳ ಮೇಲೆ ಹೆಚ್ಚಿನವರು ವಾಪಸ್ ಹೊರಟರು. ಆ ಚಳಿಗಾಲ ನದಿ ಹೆಪ್ಪುಗಟ್ಟಲಿಲ್ಲ, ಆಚೆ ದಡದವರು ದಾಟಲಾಗದೆ ನಿಂತುಬಿಟ್ಟರು. ಕಲ್ಮಿಕ್ ಅಂದರೆ ಉಳಿದವರು ಅಂತಲೇ ಅರ್ಥವಂತೆ.

"ಹೋದವರ ಮೇಲೆ ಸಿಟ್ಟು ಬರಲಿಲ್ಲವೇ?" ಎಂದೆ.

"ಮಧ್ಯೆ ನದಿ ಇತ್ತಪ್ಪಾ. ನಿನ್ನ ಪಾರ್ಟ್‌ನರ್ ಊರಿಗೆ ಹೋದನಲ್ಲ, ನಿಮ್ಮ ಮಧ್ಯೆ ಏನಿತ್ತು?"

"ಪಿಜ್ಜಾ ದೋಸೆ. ಮೆನುಗೆ ಸೇರಿಸೋಣ ಅಂದೆ, ಅವನು ಬೇಡವೇ ಬೇಡ ಅಂದ."

ಆಂಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ಮುಂದೆ ಇನ್ನೊಂದು ಹಿಡಿ ಕಡ್ಡಿ ಇಟ್ಟು, "ಅವನದೂ ಸುತ್ತು" ಅಂದರು. ನೀನು ಊರಿಗೆಲ್ಲ ಎರಡು ವರ್ಷ ಕಡಿಮೆ ಹೇಳುತ್ತಿದ್ದೆಯಲ್ಲ, ನಾನು ನಿಜವಾದ ಲೆಕ್ಕವನ್ನೇ ಹಿಡಿದೆ. ದೀಪ ಚೆನ್ನಾಗಿ ಉರಿಯಿತು.

ಪಿಜ್ಜಾ ದೋಸೆಯನ್ನು ಹೋದ ತಿಂಗಳೇ ಮೆನುವಿನಿಂದ ತೆಗೆದೆ.