ಕಂದಾಯವಿಲ್ಲದ ಗೇಟು

ಪಾಲಿಬೆಟ್ಟ
11 ನವೆಂಬರ್ 2025, ಮಂಗಳವಾರ

ಪೂಜ್ಯಳೂ ಪರಮಪೂಜ್ಯಳೂ, ನನ್ನ ಪಾಲಿನ ಚಾಕೊಲೇಟನ್ನು ಸದಾ ಕದ್ದು ತಿಂದವಳೂ ಆದ ಲಿಖಿತಕ್ಕನ ಪಾದಗಳಿಗೆ ತಮ್ಮ ಸಿದ್ಧಾರ್ಥನ ಸಾಷ್ಟಾಂಗ ನಮಸ್ಕಾರಗಳು.

ಪತ್ರ ತಡವಾಯಿತು, ಕ್ಷಮಿಸು. ಸೋಮಾರಿತನ ಎಂದುಕೊಳ್ಳುತ್ತೀಯ. ಈ ಸಲ ಹಾಗಲ್ಲ. ಅಂಚೆಗೆ ಹಾಕಿದ ಪತ್ರಗಳು ನೀನು ಹೋಗಿ ಸೇರಿಕೊಂಡ ಆ ನಿಶ್ಚಲ ಮಂಡಳಿಯ ಆಫೀಸಿನಿಂದ ನೀಟಾಗಿ ಒಡೆದು, ನೀಟಾಗಿ ಅಂಟಿಸಿಕೊಂಡು ವಾಪಸು ಬಂದವು. ಆದ್ದರಿಂದ ಇದನ್ನು ಪಂಚಾಯಿತಿಯ ಬಿಲ್ ಕಲೆಕ್ಟರ್ ಬೋಜಪ್ಪಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಶುಕ್ರವಾರ ಅವರು ಒಳಗೆ ಬರುತ್ತಾರೆ. ಓದಿ ಅವರಿಗೇ ಕೊಟ್ಟುಬಿಡು. ಇಟ್ಟುಕೊಳ್ಳಬೇಡ.

ಅಮ್ಮ ಆರೋಗ್ಯವಾಗಿದ್ದಾಳೆ. ನಾನು ಗೋಣಿಕೊಪ್ಪದ ಫ್ಲೆಕ್ಸ್ ಅಂಗಡಿಯಲ್ಲೇ ಇದ್ದೇನೆ. ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ಒಂದೇ ಗುಲಾಬಿಯ ಚಿತ್ರ ಹಾಕಿ ಸಮಾಜಸೇವೆ ಮಾಡುತ್ತಿದ್ದೇನೆ.

ಈಗ ದೊಡ್ಡ ಸುದ್ದಿ. ನಿಮ್ಮ ಮಂಡಳಿಗೆ ಕಂದಾಯ ಮಾಫಿ ಆಗಿದೆ.

ಪೂಜೆಯ ಜಾಗಕ್ಕೆ ಪಂಚಾಯಿತಿ ಕಟ್ಟಡದ ಕಂದಾಯ ಹಾಕುವುದಿಲ್ಲ, ಸರಿ. ಆದರೆ ಮಂಡಳಿಯವರು ಪ್ರಾರ್ಥನೆಯ ಹಾಲಿಗಷ್ಟೇ ಕೇಳಿರಲಿಲ್ಲ. ಹಳೆಯ ಎಸ್ಟೇಟಿನ ಬಂಗಲೆ, ಗೋದಾಮು, ಹಿಂದೆ ಕೂಲಿಯವರಿದ್ದ, ಈಗ ನೀವೆಲ್ಲ ಮಲಗುವ ಲೈನು ಮನೆಗಳು, ಗೋಡೆಯೊಳಗೆ ಇರುವುದೆಲ್ಲ ಪೂಜಾಸ್ಥಳ ಎಂದು ಬರೆದುಕೊಟ್ಟಿದ್ದರು.

ಇವನಿಗೇನು ಕಷ್ಟ ಎನ್ನಬೇಡ. ಆ ಗೇಟು ಹೊರಗಿನವರಿಗೆ ತೆರೆಯುವುದು ಕಂದಾಯಕ್ಕೆ ಮಾತ್ರ. ಮನೆಯವರಿಗೆ ಭೇಟಿ ಇಲ್ಲ. ಪೊಲೀಸರನ್ನು ಕೇಳಿದರೆ, ವಯಸ್ಸಿಗೆ ಬಂದ ಹುಡುಗಿ, ತಾನಾಗಿಯೇ ಹೋಗಿದ್ದಾಳೆ ಎನ್ನುತ್ತಾರೆ. ಬೋಜಪ್ಪಣ್ಣ ಕಟ್ಟಡ ಅಳೆಯಲು ಟೇಪು ಹಿಡಿದು ಬಂದರೆ ಮಾತ್ರ ಗೇಟು ತೆಗೆಯಲೇಬೇಕು. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬ ಬೇಕಲ್ಲ? ಆ ಮಹೋನ್ನತ ಹುದ್ದೆಯನ್ನು ಸಂಬಳವಿಲ್ಲದೆ ಅಲಂಕರಿಸಿದವನು ನಾನು.

ಕಳೆದ ತಿಂಗಳು ಹಾಗೆ ಬಂದಾಗ ಒಂದು ವಿಷಯ ಕಂಡೆ. ಲೈನು ಮನೆಗಳ ಚಿಲಕ, ಬೀಗ ಎರಡೂ ಹೊರಗಡೆ ಇವೆ. ಬೋಜಪ್ಪಣ್ಣನೂ ನೋಡಿದರು. ನೋಡಿ, ಕೆಮ್ಮಿ, ಅಳತೆ ಬರೆದುಕೊಂಡರು.

ಇದನ್ನು ಮಂಡಳಿಯ ಅರ್ಜಿ ಬರುವ ಗ್ರಾಮಸಭೆಯಲ್ಲಿ ಕೇಳಲೇಬೇಕೆಂದು ತೀರ್ಮಾನಿಸಿದೆ. ನಾನು ಕೇಳಿದರೆ ಯಾರೂ ನಂಬುವುದಿಲ್ಲ. ಈ ಊರಿನಲ್ಲಿ ನನ್ನ ಕೀರ್ತಿ ಹಾಗಿದೆ. ಅದಕ್ಕೇ ಆ ಎಸ್ಟೇಟಿನಲ್ಲೇ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪಯ್ಯ ಮಾವನನ್ನು ಒಪ್ಪಿಸಿದೆ. ಜನ ಮಲಗುವ ಮನೆಗೆ ಹೊರಗಿನಿಂದ ಬೀಗ ಯಾಕೆ? ಅಷ್ಟೇ ಪ್ರಶ್ನೆ.

ಸಭೆಯಲ್ಲಿ ಮಂಡಳಿಯ ಧರ್ಮೇಶ್ ಬಿಳಿ ಬಟ್ಟೆಯಲ್ಲಿ ಕೈಮುಗಿದು ನಿಂತಿದ್ದರು. ಅಂಗನವಾಡಿಯ ರಂಗಮ್ಮ ಎದ್ದು, "ಮಕ್ಕಳಿಗೆ ಬೆಂಚು ಕೊಟ್ಟವರು ಅವರು. ದೇವಸ್ಥಾನಕ್ಕಿಲ್ಲ, ಮಸೀದಿಗಿಲ್ಲ, ಚರ್ಚಿಗಿಲ್ಲ. ಇವರಿಗೆ ಮಾತ್ರ ಎಂತಕ್ಕೆ ಕಂದಾಯ?" ಎಂದರು. ಬುಡಕಟ್ಟಿನ ಹಾಡಿಯಿಂದಲೇ ಬಂದ ಅಧ್ಯಕ್ಷೆ ಚೋಮಿಯಕ್ಕ, "ಯಾವ ದೇವರು ಸರಿ, ಯಾವ ದೇವರು ತಪ್ಪು ಅಂತ ನೋಡೋದು ಪಂಚಾಯ್ತಿ ಕೆಲಸ ಅಲ್ಲ. ನಾಳೆ ನಮ್ಮ ಹಾಡಿಯ ದೇವರನ್ನೂ ಹೀಗೇ ಕೇಳ್ತಾರೆ" ಎಂದರು. ಆ ಮಾತನ್ನು ನಾನೂ ಒಪ್ಪುತ್ತೇನೆ ಅಕ್ಕ. ನನ್ನ ತಕರಾರು ದೇವರ ಮೇಲಲ್ಲ, ಬೀಗದ ಮೇಲೆ.

ಅಷ್ಟರಲ್ಲಿ ಧರ್ಮೇಶ್ ನನ್ನ ಕಡೆ ನೋಡಿ ನಕ್ಕರು. ಭಯವಾದರೆ ನನ್ನ ಬಾಯಿ ಏನು ಮಾಡುತ್ತದೆಂದು ನಿನಗೆ ಗೊತ್ತು. ಅಪ್ಪಯ್ಯ ಮಾವನಿಗಿಂತ ಮೊದಲೇ ಎದ್ದು ನಿಂತೆ.

"ಮಾನ್ಯ ಅಧ್ಯಕ್ಷರೇ, ನಾನು ಶ್ರೀ ನಿದ್ರಾದೇವಿ ಪಂಥದ ಪ್ರಥಮ ಪೀಠಾಧಿಪತಿ. ನಮ್ಮ ಮನೆಯಲ್ಲಿ ಪ್ರತಿ ಮಧ್ಯಾಹ್ನ ಗೊರಕೆಯ ಮಂತ್ರಘೋಷದೊಂದಿಗೆ ಪೂಜೆ ನಡೆಯುತ್ತದೆ. ಮಂಚವೇ ಗರ್ಭಗುಡಿ, ಕೋಳಿಗೂಡೇ ಯಾತ್ರಿನಿವಾಸ. ಇಡೀ ಮನೆಗೆ ವಿನಾಯಿತಿ ದಯಪಾಲಿಸಬೇಕು."

"ಪ್ರಸಾದ ಎಂತ ಮಾರಾಯ?" ಎಂದು ಹಿಂದಿನಿಂದ ಗೆಳೆಯ ಲೋಹಿತ್ ಕೂಗಿದ.

"ದಿಂಬು!" ಎಂದೆ.

ಸಭೆ ಬಿದ್ದು ಬಿದ್ದು ನಕ್ಕಿತು. ಮಂಡಳಿಯ ಬೇಡಿಕೆಯೂ ಇಷ್ಟೇ ನಗೆಪಾಟಲು ಎಂದು ತೋರಿಸುವುದು ನನ್ನ ಘನ ಉದ್ದೇಶ. ಆದದ್ದೇ ಬೇರೆ. ಅಲ್ಲಿಯವರೆಗೆ ಮುಖ ಬಿಗಿದು ಕುಳಿತವರೆಲ್ಲ ಸಡಿಲವಾದರು. ಚೋಮಿಯಕ್ಕ ಕಣ್ಣೊರೆಸಿಕೊಂಡು, "ಆಯ್ತಪ್ಪ, ನಿಂಗೂ ಕೊಡುವ, ಅವರಿಗೂ ಕೊಡುವ. ಎಲ್ಲಿ, ಕೈ ಎತ್ತಿ!" ಎಂದರು. ನಗುತ್ತಲೇ ಕೈಗಳು ಎದ್ದವು. ಮಾತಾಡಲು ಅವಕಾಶ ಕೇಳಿ ಅಪ್ಪಯ್ಯ ಮಾವ ಎತ್ತಿದ್ದ ಕೈಯೂ ಒಪ್ಪಿಗೆಯ ಲೆಕ್ಕಕ್ಕೇ ಸೇರಿತು. ಟೀ, ಬೋಂಡಾ ಬಂತು. ನನ್ನ ಪಂಥವನ್ನು ಪಿಡಿಒ ಬರೆದುಕೊಳ್ಳಲಿಲ್ಲ, ಮಂಡಳಿಯನ್ನು ಬರೆದುಕೊಂಡರು.

"ಆ ಬೀಗ ನಿನ್ನ ಬಾಯಿಗೆ ಹಾಕ್ಬೇಕಿತ್ತು" ಎಂದು ಅಪ್ಪಯ್ಯ ಮಾವ ಟೀ ಕುಡಿಯದೆ ಹೊರಟರು.

ಎಲ್ಲರಿಗಿಂತ ಜೋರಾಗಿ ನಕ್ಕವರು ಧರ್ಮೇಶ್. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟು, "ಲಿಖಿತಾ ಅವರ ತಮ್ಮ ಅಲ್ವಾ? ನಿಮ್ಮ ಬಗ್ಗೆ ಎಲ್ಲಾ ಹೇಳಿದ್ದಾರೆ. ಕತ್ತಲೆ ಅಂದ್ರೆ ಭಯ, ದೀಪ ಹಾಕ್ಕೊಂಡೇ ಮಲಗ್ತೀರಂತೆ. ರಸ್ತೆ ಕಡೆ ಕಿಟಕಿ ಇರೋ ಕೋಣೆ, ಅಲ್ವಾ?" ಎಂದರು. ತುಂಬ ಮೆಲ್ಲಗೆ, ಕ್ಷೇಮ ವಿಚಾರಿಸುವ ಹಾಗೆ.

ಅಂದಿನಿಂದ ನಾನು ದೀಪ ಆರಿಸಿ ಮಲಗುತ್ತಿದ್ದೇನೆ. ಮಲಗುತ್ತಿದ್ದೇನೆ ಎನ್ನುವುದು ಬಾಯಿಮಾತು. ನಿದ್ರಾದೇವಿ ತನ್ನ ಪೀಠಾಧಿಪತಿಯನ್ನು ಕೈಬಿಟ್ಟಿದ್ದಾಳೆ.

ಶುಕ್ರವಾರ ಬೋಜಪ್ಪಣ್ಣ ವಿನಾಯಿತಿಯ ಆದೇಶ ಕೊಡಲು ಬರುತ್ತಾರೆ. ಆಮೇಲೆ ಅಳೆಯಲು ಏನೂ ಇಲ್ಲ, ಬರಲು ನೆಪವೂ ಇಲ್ಲ. ಒಬ್ಬರೇ ಬರಬೇಕೆಂದು ಧರ್ಮೇಶ್ ಮೊದಲೇ ಫೋನು ಮಾಡಿದ್ದಾರೆ. ಬೋಜಪ್ಪಣ್ಣ ಏನು ಹೇಳಿದರು ಗೊತ್ತೇ? "ಗೇಟಿನ ಒಳಗೆ ಸ್ಕೂಟರ್ ಸ್ಟಾರ್ಟ್ ಆಗ್ತಾ ಇಲ್ಲ ಅಂತ ಒದೀತಾ ನಿಂತಿರ್ತೇನೆ. ಅವಳು ಬಂದು ಹಿಂದೆ ಕೂತ್ರೆ ಸ್ಟಾರ್ಟ್ ಆಗ್ತದೆ. ಆದ್ರೆ ತುಂಬ ಹೊತ್ತು ಒದೀಲಿಕ್ಕೆ ಆಗುದಿಲ್ಲ, ನಂಗೆ ಮಂಡಿನೋವು."

ಬಾ ಅಕ್ಕ. ನಿನ್ನ ದೇವರನ್ನು ಬಿಡು ಎಂದು ನಾನು ಹೇಳುವುದಿಲ್ಲ. ಬೇಕಾದರೆ ಜೊತೆಗೇ ಕರೆದುಕೊಂಡು ಬಾ, ಮನೆಯಲ್ಲಿ ಜಾಗ ಇದೆ. ಬರುವ ಮನಸ್ಸೇ ಇಲ್ಲದಿದ್ದರೆ ಅದನ್ನು ನೀನೇ ಬೋಜಪ್ಪಣ್ಣನಿಗೆ ಹೇಳು. ಬೇರೆಯವರ ಕೈಲಿ ಹೇಳಿಸಬೇಡ.

ಚಿಕ್ಕವನು ದೊಡ್ಡವಳಿಗೆ ಆಶೀರ್ವಾದ ಮಾಡುವುದು ಅಧಿಕಪ್ರಸಂಗ. ಆದರೂ ಮಾಡುತ್ತಿದ್ದೇನೆ: ನಿನಗೆ ಏನೂ ಆಗದಿರಲಿ.

ನಿನ್ನ ತಮ್ಮ,
ಸಿದ್ಧಾರ್ಥ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ಅವತ್ತು ಗೋಡೆ ಅಳೆಯುವಾಗ ಬಾಗಿಲಲ್ಲಿ ನೀನು ನಿಂತಿದ್ದೆ. ನಾನು "ತಿಂಡಿ ಆಯ್ತಾ ಅಕ್ಕ?" ಎಂದೆ. ನೀನು ಪಕ್ಕದಲ್ಲಿದ್ದ ಹೆಂಗಸಿನ ಮುಖ ನೋಡಿದೆ. ಅವಳು ತಲೆಯಾಡಿಸಿದಳು. ಆಮೇಲೆ ನೀನು "ಆಯ್ತು" ಎಂದೆ. ಏನಂದಳು, ಏನಂದಳು ಎಂದು ಅಮ್ಮ ದಿನಾ ಕೇಳುತ್ತಾಳೆ. ತಿಂಡಿ ಆಯ್ತು ಅಂದಳು ಎನ್ನುತ್ತೇನೆ. ನಡುವಿನದನ್ನು ಹೇಳಿಲ್ಲ.