ಅವ್ವ ಯಾವ ಸೀನಿಗೆ ಬರಲಿ?

ಭಾನುವಾರ, ೧೬ ಮಾರ್ಚ್, ವನದುರ್ಗ

ಕ್ಷಮಿಸು ಕಾಳಿಂಗ, ನಾಟಕದ ವಿಲನ್‌ಗೆ ಡೈರಿಯಲ್ಲಿ ಬರೆಯುವುದು ಹುಚ್ಚುತನವೆಂದು ಗೊತ್ತು. ಆದರೆ ನಾಳೆ ಊರಿನ ಸ್ಟೇಜ್ ಮೇಲೆ ನೀನಾಗಿ ನಿಲ್ಲಬೇಕಾದವನು ನಾನು. ದರೋಡೆ ಬಿಟ್ಟು ಸಾಹುಕಾರನಾದ ನೀನು, ಹಳೆಯದನ್ನೆಲ್ಲ ಅಳಿಸಲು ಹೆತ್ತವಳನ್ನೇ "ಈಕೆ ಯಾರೋ ನನಗೆ ಗೊತ್ತಿಲ್ಲ" ಎಂದು ದಬ್ಬುತ್ತೀ. ಇವತ್ತಿನ ಪ್ರಾಕ್ಟೀಸ್‌ನಲ್ಲೂ ಆ ಡೈಲಾಗ್‌ಗೆ ತಲೆ ತಗ್ಗಿಸಿ ಅಳುದನಿ ತೆಗೆದೆ.

"ಅರೇ ಸಾಹೇಬಾ, ನೀ ವಿಲನ್ ಇದ್ದಿ, ಹಾಸ್ಟೆಲಿಗಿ ಬಿಟ್ಟುಬಂದ ಕೂಸಲ್ಲ!" ಎಂದು ನಾಟಕ ಕಲಿಸುವ ಖಾಜಾಹುಸೇನ ಮಾಸ್ತರರು ಬೈದರು.

ಮನೆಗೆ ಬಂದರೆ ಅವ್ವ ನನ್ನ ಆಯೇರಿಗೆಂದು, ಅಂದರೆ ನಟರಿಗೆ ಸ್ಟೇಜ್ ಮೇಲೆ ಕೊಡುವ ಉಡುಗೊರೆಗೆಂದು, ಹೊಸ ಶರ್ಟು, ಟಾವೆಲ್ ತಂದಿಟ್ಟಿದ್ದಾಳೆ. "ನಾಟಕ ನಡದಾಗನ ಸ್ಟೇಜ್ ಹತ್ತಿ ಹೊದಿಸ್ತೀನಿ. ಇವ ಲಾಲಮ್ಮನ ಮಗ ಅಂತ ಮಂದಿಗಿ ಗೊತ್ತಾಗ್ಲಿ. ಯಾವ ಸೀನಿಗಿ ಬರ್ಲೋ ಯಪ್ಪಾ?"

ಬೆಳಿಗ್ಗೆ ಹೇಳುತ್ತೇನೆಂದು ಈ ಡೈರಿ ಹಿಡಿದು ಕೂತೆ. ಶಹಾಪುರದಿಂದ ಕಾಲೇಜಿನ ಫ್ರೆಂಡ್ಸ್ ಬರುತ್ತಾರೆ. ಅವರೆದುರು ಅವ್ವ ಸ್ಟೇಜ್ ಹತ್ತಿದರೆ ನಾಚಿಕೆ, ಹತ್ತದಿದ್ದರೆ ಸಂಕಟ. ಎರಡೂ ಹೇಗೆ ನಿಜವಾಗುತ್ತವೆ? ಬರಬೇಡ ಎಂದರೆ, ನಾಟಕಕ್ಕೆ ಮೊದಲೇ ಮನೆಯಲ್ಲಿ ನಿನ್ನ ಡೈಲಾಗ್ ಹೇಳಿದಂತೆ.

ನಿನ್ನ ಅವ್ವನನ್ನು ದಬ್ಬಿದ ಮೇಲೆ ನಿನಗೆ ಹಗುರಾಯಿತೇ ಕಾಳಿಂಗ? ಸ್ಕ್ರಿಪ್ಟ್‌ನಲ್ಲಿ ಅದಿಲ್ಲ. ಬೆಳಿಗ್ಗೆ ಅವ್ವ ಮತ್ತೆ ಕೇಳುತ್ತಾಳೆ. ಬೇಗ ಉತ್ತರ ಕೊಡು.