ಅಜ್ಜಿಯ ಎಡಗೈ

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೨, ಭಾನುವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಕತ್ತುನೋವು ಇಳಿಯಿತೇ? ದಿನವಿಡೀ ಮೇಜಿನ ಮೇಲೆ ಬಗ್ಗಿ ಬಟ್ಟೆ ಕತ್ತರಿಸುತ್ತಿದ್ದರೆ ಕತ್ತು ನೋಯದೆ ಇನ್ನೇನು ಮಾಡುತ್ತದೆ? ನಡುನಡುವೆ ಎದ್ದು ನಾಲ್ಕು ಹೆಜ್ಜೆ ಓಡಾಡು. ನಿನ್ನ ಅಂಗಡಿಗೆ ಇನ್ನೊಬ್ಬಳು ಕೆಲಸಕ್ಕೆ ಸೇರಿದಳೆಂದು ಓದಿ ಖುಷಿಯಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ ಅದನ್ನು ಮಾತ್ರ ನೀನು ಬರೆಯುವುದೇ ಇಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದ ಹಾಗೇ ಇದೆ, ಬಂದ ನೆಂಟರು ಹೊರಡುವ ಮಾತೇ ಆಡದಿದ್ದ ಹಾಗೆ.

ನೀನು ಕೇಳುವುದಿಲ್ಲ, ಆದರೂ ನಿಮ್ಮಪ್ಪನ ವಿಷಯ ಬರೆಯುತ್ತೇನೆ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿದ್ದನ್ನು ಆಗಲೇ ತಿಳಿಸಿದ್ದೆನಲ್ಲ, ಅದು ಇನ್ನೂ ಹಾಗೇ ಇದೆ. ಕಾಲು ಪರವಾಗಿಲ್ಲ, ಗೋಡೆ ಹಿಡಿದು ಓಡಾಡುತ್ತಾರೆ. ಮಾತು ಸ್ವಲ್ಪ ಎಳೆಯುತ್ತದೆ, ಕೋಪ ಮಾತ್ರ ನೆಟ್ಟಗಿದೆ. ಮೊದಮೊದಲು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಒಂದು ದಿನ ನಾನು ಅನ್ನ ಕಲಸಿ ತರುವಷ್ಟರಲ್ಲಿ ತಾವೇ ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದರು. ಒಂದು ಅಗುಳೂ ಕೆಳಗೆ ಬಿದ್ದಿರಲಿಲ್ಲ. ಎರಡು ವಾರ ಕಳೆಯುವುದರೊಳಗೆ ಸೂಜಿಗೆ ದಾರ ಪೋಣಿಸಿದರು. ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟುಕೊಂಡು ಎಡಗೈಯಲ್ಲಿ ದಾರ ತೂರಿಸಿದ್ದು, ಅದೂ ಮೊದಲ ಸಲಕ್ಕೇ. ಡಾಕ್ಟರಿಗೆ ಹೇಳಿದರೆ ಅವರೂ ಹುಬ್ಬೇರಿಸಿದರು. ಇಷ್ಟು ಬೇಗ ಎಡಗೈ ಪಳಗುವುದು ಅಪರೂಪವಂತೆ.

ಆಮೇಲೆ ನಿಮ್ಮಪ್ಪ ಹಟ ಹಿಡಿದು ಅಂಗಡಿಗೆ ಇಳಿದರು. ಬ್ಯಾಂಡ್ ಮಾಸ್ಟರ್ ಒಬ್ಬರು ತಮ್ಮ ಬಳಗಕ್ಕೆಲ್ಲ ಕೋಟು ಹೊಲಿಯಲು ಕೊಟ್ಟಿದ್ದರು. ಕತ್ತರಿಸಿದ್ದು ಗಿಡ್ಡಣ್ಣ (ನೀನು ಹೋದ ಮೇಲೆ ಸೇರಿದವನು, ಮೆಷಿನ್ ಕೆಲಸ ಅವನದೇ), ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗುರುತು ಹಾಕಿದ್ದು ಇವರು. ಗಿಡ್ಡಣ್ಣ ಬಾಯಿಲ್ಲದ ಪ್ರಾಣಿ, ಗೀಟು ಎಲ್ಲಿದೆಯೋ ಅಲ್ಲಿ ಹೊಲಿಯುವವನು. ಗುಂಡಿ ತೂರಿಸುವ ಕಾಜಾ ನಾನೇ ಹಾಕಿದೆ, ನಿಮ್ಮಪ್ಪನ ಗುರುತಿನ ಮೇಲೆ ನನ್ನದೇನು ಎಂದು. ಬ್ಯಾಂಡ್ ಮಾಸ್ಟರ್ ಬಂದು ಕನ್ನಡಿ ಮುಂದೆ ಕೋಟು ತೊಟ್ಟರು, ಗುಂಡಿ ಹಾಕಲು ಹೋಗಿ ತಡಕಾಡಿದರು. ಗಂಡಸರ ಕೋಟಿಗೆ ಕಾಜಾ ಎಡಬದಿಗಲ್ಲವೇ? ಅಷ್ಟೂ ಕೋಟಿಗೆ ಬಲಬದಿಗೆ ಬಂದು ಕೂತಿತ್ತು!

ನಿನಗೆ ಈಗ ಏನು ನೆನಪಾಗುತ್ತಿದೆಯೆಂದು ನನಗೆ ಗೊತ್ತು. ನನಗೂ ಅದೇ ನೆನಪಾಯಿತು. ಶಾಲೆಯ ಜವಾನರ ಕೋಟಿಗೆ ನೀನು ಹೀಗೇ ಎಡಬಲ ತಿರುಗಿಸಿ ಗುರುತು ಹಾಕಿದ್ದೆ. ನಿಮ್ಮಪ್ಪ ಗಿರಾಕಿಗಳ ಎದುರಿಗೇ ನಿನ್ನ ಎಡಗೈಯಿಂದ ಕತ್ತರಿ ಕಿತ್ತುಕೊಂಡು "ಈ ಕೈ ಇನ್ನು ನನ್ನ ಮೇಜು ಮುಟ್ಟಬಾರದು" ಎಂದರಲ್ಲ, ಅದೇ ಜಾಗದಲ್ಲಿ ಈಗ ಇವರೇ ಕೂತಿದ್ದರು. ಬ್ಯಾಂಡ್ ಮಾಸ್ಟರ್ ಒಳ್ಳೆಯವರು, ನಕ್ಕು ಒಂದು ವಾರ ಟೈಮು ಕೊಟ್ಟು ಹೋದರು. ನಿಮ್ಮಪ್ಪ ಮಾತ್ರ ತಪ್ಪನ್ನು ಬೆಳಕಿನ ಮೇಲೆ ಹಾಕಿದರು, ಸೀಮೆಸುಣ್ಣದ ಮೇಲೆ ಹಾಕಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅದೇ ವಾರ ನಿನ್ನ ಸೋದರತ್ತೆ ತಮ್ಮನನ್ನು ನೋಡಲು ಬಂದಿದ್ದಳು. ಇವರು ಎಡಗೈಯಲ್ಲಿ ಗೀಟು ಎಳೆಯುವುದನ್ನು ಬಾಗಿಲಲ್ಲೇ ನಿಂತು ನೋಡಿದಳು, ಕಣ್ಣಲ್ಲಿ ನೀರು ಹಾಕಿಕೊಂಡಳು. "ಅಮ್ಮನೇ ಬಂದು ಕೂತಂಗಿದೆ ಕಣೋ" ಅಂದಳು. ಆಮೇಲೆ ಅಡುಗೆಮನೆಯಲ್ಲಿ ಒಂದೊಂದಾಗಿ ಬಿಚ್ಚಿದಳು. ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡ ನಿನ್ನ ಅಜ್ಜಿ ಎಡಚಿಯಂತೆ. ಕೌದಿ ಹೊಲಿಯುವುದು, ತರಕಾರಿ ಹೆಚ್ಚುವುದು, ಮಕ್ಕಳಿಗೆ ಬಾರಿಸುವುದು ಎಲ್ಲ ಎಡಗೈಯಲ್ಲೇ. ನಿಮ್ಮಪ್ಪನೂ ಹುಟ್ಟುತ್ತಾ ಹಾಗೇ ಇದ್ದರಂತೆ. ಗಂಡುಹುಡುಗ ಎಡಚನಾದರೆ ಯಾರು ಕೆಲಸಕ್ಕಿಟ್ಟುಕೊಳ್ಳುತ್ತಾರೆಂದು ನಿನ್ನ ಅಜ್ಜ ಬಟ್ಟೆಯ ಅಂಚುಪಟ್ಟಿಯಲ್ಲಿ ಆ ಕೈಯನ್ನು ಸೊಂಟಕ್ಕೆ ಕಟ್ಟಿ ಕೂರಿಸುತ್ತಿದ್ದರಂತೆ. ಬಿಚ್ಚಿಕೊಂಡರೆ ಏಟು. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಇದೊಂದೂ ಗೊತ್ತಿರಲಿಲ್ಲ ನೋಡು. ನಿನ್ನ ಎಡಗೈ ಎಲ್ಲಿಂದ ಬಂತೆಂದು ಎಲ್ಲರೂ ನನ್ನ ತವರಿನ ಕಡೆ ಬೆಟ್ಟು ಮಾಡುತ್ತಿದ್ದರು. ನಾನೂ ಅವರ ಮಾತು ನಂಬಿ ತಲೆ ತಗ್ಗಿಸುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಟ್ಟಿದರೂ ಹೋಗುವುದಿಲ್ಲ ಎಂದು ಈಗ ಕಂಡೆ.

ನನಗೆ ಸಿಟ್ಟು ತಡೆಯಲಾಗಲಿಲ್ಲ ಪುಟ್ಟೀ. ನಿನ್ನ ಅತ್ತೆಯನ್ನು ಬಸ್ಸು ಹತ್ತಿಸಿ ಬಂದವಳೇ ಕೇಳಿದೆ, ಆ ನೋವು ಗೊತ್ತಿದ್ದೂ ಮಗಳ ಕೈಗೆ ಹಾಗೆ ಮಾಡಿದಿರಲ್ಲ ಎಂದು. "ನಂಗೆ ಹೊಡೆದಾಗ ಸರಿಹೋಯ್ತಲ್ಲ, ಅವಳಿಗೂ ಹೋಗುತ್ತೆ ಅಂದ್ಕೊಂಡೆ" ಅಂದರು. ಸರಿಹೋಗಿದ್ದು ಏನು ಎಂದು ಕೇಳಿದೆ. ಬಗ್ಗಿ ತಮ್ಮ ಎಡಗೈ ನೋಡಿಕೊಂಡರು. ಅವರನ್ನು ಮನ್ನಿಸು ಎಂದು ನಾನು ಹೇಳುವುದಿಲ್ಲ, ಅದು ನಿನಗೆ ಬಿಟ್ಟಿದ್ದು. ಆದರೆ ನಿನ್ನ ಕೈಯಲ್ಲಿ ಕೊರತೆಯೇನೂ ಇರಲಿಲ್ಲ. ಈ ಮಾತನ್ನು ಅಂದೇ ಎದ್ದು ನಿಂತು ಹೇಳುವಷ್ಟು ನನಗೆ ತಿಳಿದಿದ್ದರೆ ಚೆನ್ನಾಗಿರುತ್ತಿತ್ತು.

ಬ್ಯಾಂಡಿನವರ ಕೋಟುಗಳ ಮುಂಭಾಗ ಬಿಚ್ಚಿ, ಹೊಸ ಬಟ್ಟೆ ಹಾಕಿ ಹೊಲಿದು ಕೊಟ್ಟಾಯಿತು. ಗಿಡ್ಡಣ್ಣನೇ ಅಷ್ಟನ್ನೂ ಮತ್ತೆ ಹೊಲಿದ, ಪುಣ್ಯಾತ್ಮ. ಪಕ್ಕದ ಮನೆಯ ಚಿಕ್ಕಮ್ಮ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಕೊಡೆಯಿಲ್ಲದೆ ಬಿಸಿಲಲ್ಲಿ ತಿರುಗಬೇಡ. ನೂರು ಕಾಲ ಚೆನ್ನಾಗಿರು ಮಗಳೇ, ನಿನ್ನ ಎರಡು ಕೈಗೂ ಒಳ್ಳೆಯದಾಗಲಿ.

ಇಂತು ನಿನ್ನ
ಅಮ್ಮ

ವಿ.ಸೂ.: ಲಕೋಟೆ ಅಂಟಿಸುವಾಗ ನಿಮ್ಮಪ್ಪ ಬಂದು ಪಕ್ಕದಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಹಾಕುತ್ತೇನೆ: "ಈ ಕೈಗೆ ಹೇಳಿಕೊಡೋರು ನಂಗೆ ಯಾರೂ ಇಲ್ಲ. ಅವಳು ನಾಲ್ಕು ದಿನ ಬಂದು ಕಲಿಸ್ತಾಳಾ ಕೇಳು. ಅವಳು ಹೇಳ್ದಂಗೆ ಕೇಳ್ತೀನಿ." ಬರಲೇಬೇಕೆಂದು ನಾನು ಬಲವಂತ ಮಾಡುವುದಿಲ್ಲ. ಬರುತ್ತೇನೆ ಎನ್ನು, ಬರುವುದಿಲ್ಲ ಎನ್ನು, ಉತ್ತರವನ್ನು ಮಾತ್ರ ಈ ಸಲ ಅವರ ಹೆಸರಿಗೇ ಬರೆ.